ಕೊರಳಲ್ಲಿ ಏನೂ ಇರಬಾರದು

ಒಂದನೇ ತರಗತಿಯ ಮೂಲೆಯಲ್ಲಿ ಒಂದು ಮಗು ಅಳುತ್ತಿತ್ತು. ಯಾಕೆಂದು ಕೇಳಿದೆ. ಸುತ್ತಲಿನ ನಾಲ್ವರು ಒಟ್ಟಿಗೇ ಉತ್ತರ ಕೊಟ್ಟರು: ಒಬ್ಬಳು ಲಂಬಾಣಿಯಲ್ಲಿ, ಒಬ್ಬ ಉರ್ದುವಿನಲ್ಲಿ, ಇನ್ನೊಬ್ಬಳು ತೆಲುಗಿನಲ್ಲಿ. ನಾಲ್ಕನೆಯದು ಕನ್ನಡವೆಂದು ಆಮೇಲೆ ತಿಳಿಯಿತು. ಮಂಗಳೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಕನ್ನಡ ಓದಿದ್ದ ನನಗೆ ಅದೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ಮಗು ಅಳು ನಿಲ್ಲಿಸಿ ನನ್ನನ್ನೇ ಕನಿಕರದಿಂದ ನೋಡತೊಡಗಿತ್ತು.

ತೊಂಬತ್ತರ ದಶಕದ ನಡುವೆ ಯಜಮಾನರ ಬ್ಯಾಂಕಿನ ವರ್ಗಾವಣೆ ನಮ್ಮನ್ನು ಹಗರಿಬೊಮ್ಮನಹಳ್ಳಿಗೆ ತಂದಿತ್ತು. ಮಂಗಳೂರಿನ ಮನೆಯಲ್ಲಿ ಬಾವಿಗೆ ಕೊಡ ಇಳಿಸಿದರೆ ನೀರು. ಇಲ್ಲಿ ನಲ್ಲಿ ಬರುವ ದಿನವನ್ನು ನೆರೆಯವರಿಂದ ಕೇಳಿ ತಿಳಿಯಬೇಕು. ಅಲ್ಲಿ ಕುಚ್ಚಲಕ್ಕಿ ಗಂಜಿ, ಇಲ್ಲಿ ಜೋಳದ ರೊಟ್ಟಿ. ನನ್ನ ಮೊದಲ ರೊಟ್ಟಿ ನೋಡಿ ಪಕ್ಕದ ಮನೆಯಾಕೆ, "ಇದು ಯಾವ ದೇಶದ ನಕ್ಷಾ ರೀ ಅಕ್ಕಾರ?" ಎಂದಿದ್ದಳು. ನಕ್ಕೆ. ಬಾಗಿಲು ಹಾಕಿಕೊಂಡು ಸ್ವಲ್ಪ ಅತ್ತೆ ಕೂಡ.

ಆದ್ದರಿಂದ, ಊರಿನ ಸಣ್ಣ ಶಾಲೆಯೊಂದನ್ನು ನಡೆಸುತ್ತಿದ್ದ ಸಿಸ್ಟರ್ ಲೀನಾ ಕರೆದಾಗ ತಕ್ಷಣ ಒಪ್ಪಿದೆ. ಹೊಸ ಟೀಚರುಗಳನ್ನು ಶನಿವಾರಗಳಂದು ತಯಾರು ಮಾಡಬೇಕಿತ್ತು, ಉಳಿದ ದಿನ ಅವರ ತರಗತಿಗಳಲ್ಲಿ ಕೂತು ನೋಡಬೇಕಿತ್ತು. "ಈ ಮಕ್ಕಳು ಭಾಷೆ, ಊಟ, ದೇವರು ಎಲ್ಲ ಮನೆಯಿಂದ ಕಟ್ಟಿಕೊಂಡು ಬರುತ್ತಾರೆ. ಬಾಗಿಲಲ್ಲೇ ಬಿಟ್ಟು ಬಾ ಎನ್ನದ ಟೀಚರು ಬೇಕು ನನಗೆ" ಎಂದರು. ಕೇರಳದ ಅವರೂ ಕನ್ನಡವನ್ನು ಇಲ್ಲಿಯೇ ಕಲಿತವರು.

ತಲೆಯಾಡಿಸಿದೆ. ಮೊದಲ ಶನಿವಾರವೇ ನನ್ನ ಕಾನ್ವೆಂಟಿನ ನಿಯಮವೊಂದನ್ನು ಬೋರ್ಡಿನ ಮೇಲೆ ಬರೆದೆ: ಆಟದ ದಿನ ಮಕ್ಕಳ ಕೊರಳಲ್ಲಿ ಏನೂ ಇರಬಾರದು, ಎಲ್ಲವನ್ನೂ ಡಬ್ಬಿಗೆ ಹಾಕಿ ಬೀರುವಿನಲ್ಲಿಡಿ.

ಅದನ್ನು ಚೆಂದದ ಅಕ್ಷರದಲ್ಲಿ ಬರೆದುಕೊಂಡವಳು ಸೀತಾಬಾಯಿ. ತನ್ನ ತಾಂಡಾದಿಂದ ಟೀಚರ್ ಆದ ಮೊದಲ ಹುಡುಗಿ. ಜೂನ್‌ವರೆಗೆ ಅವಳ ಕೆಲಸ ತಾತ್ಕಾಲಿಕ, ಆಮೇಲಷ್ಟೇ ಕಾಯಂ. ಅವಳ ಸಂಬಳವನ್ನು ಒಂದು ಮನೆಯೇ ನೆಚ್ಚಿಕೊಂಡಿತ್ತು.

ಸೋಮವಾರ ಆಟದ ದಿನ. ಸೀತಾಬಾಯಿಯ ಮೂರನೇ ತರಗತಿಯ ಗಿರಿಜಾ, ದಾರದಲ್ಲಿ ಕಟ್ಟಿದ್ದ ನಿಂಬೆಹಣ್ಣಿನಷ್ಟು ಬೆಳ್ಳಿಯ ಕರಡಿಗೆಯನ್ನು ಸುಮ್ಮನೆ ಬಿಚ್ಚಿ ಡಬ್ಬಿಗಿಟ್ಟಳು. ಮಧ್ಯಾಹ್ನ ಅವಳು ಬುತ್ತಿ ಬಿಚ್ಚಲಿಲ್ಲ, ನೀರೂ ಕುಡಿಯಲಿಲ್ಲ. ನೀರಾದರೂ ಕುಡಿ ಎಂದು ಸೀತಾಬಾಯಿ ಮೂರು ಸಲ ಹೇಳಿದಳಂತೆ. ನಾನು, ಹಟ ಇರಬೇಕು ಎಂದೆ. ಸಂಜೆಯ ಡ್ರಿಲ್‌ನಲ್ಲಿ ಹುಡುಗಿ ಬಿಸಿಲಿಗೆ ಕುಸಿದು ಬಿದ್ದಳು.

ಮರುದಿನ ಬೆಳಿಗ್ಗೆ ಅವಳ ಅಜ್ಜಿ ಬಂದು ಸಿಸ್ಟರ್ ಎದುರು ಕೂತರು. ಹಣೆಯ ತುಂಬ ವಿಭೂತಿ.

"ಕರಡಿಗ್ಯಾಗಿನ ಲಿಂಗ ಮೈಮ್ಯಾಲೆ ಇಲ್ದ ನಮ್ಮ ಹುಡುಗಿ ಹನಿ ನೀರು ಮುಟ್ಟಂಗಿಲ್ರಿ. ಅದನ್ನ ಡಬ್ಬಿಗೆ ಹಾಕ್ಸಿದಾಕಿ ಯಾರು? ಆಕಿನ್ನ ಕೆಲಸ ಬಿಡಿಸ್ರಿ, ಇಲ್ಲಾ ನಮ್ಮ ಹುಡುಗಿನ್ನ ಸಾಲಿ ಬಿಡಿಸ್ತೀವಿ."

ಸೀತಾಬಾಯಿ ಗೋಡೆಗೆ ಒರಗಿ ಸೆರಗಿನ ತುದಿ ತಿರುವುತ್ತಿದ್ದಳು. ನನ್ನ ಹೆಸರು ಹೇಳಲಿಲ್ಲ. ನಾನು ಸುಮ್ಮನಿದ್ದರೆ ಸಾಕಿತ್ತು.

"ಅಜ್ಜಿ, ಹಾಗೆ ಬರೆಸಿದ್ದು ನಾನು."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ಕೊರಳಾಗ ಅದೇನ್ರಿ, ಬಟ್ಟಿ ತುಣುಕು?"

ಅದು ನಾವು ಕ್ಯಾಥೊಲಿಕರು ಬೆಂತಿಣ್ ಎನ್ನುವ ದಾರ. ಎರಡು ಕಂದು ಬಟ್ಟೆಯ ಚೂರುಗಳು. ಎಂಟನೇ ವಯಸ್ಸಿನಲ್ಲಿ ಪಾದ್ರಿಗಳು ಮಂತ್ರಿಸಿ ಹಾಕಿದ್ದು.

"ತೆಗೀತೀರೇನು?"

"ಸ್ನಾನಕ್ಕೂ ತೆಗೆಯುವುದಿಲ್ಲ ಅಜ್ಜಿ."

"ಮತ್ತ?"

ನಮ್ಮ ಕಾನ್ವೆಂಟಿನಲ್ಲಿ ಸರ ಬಿಚ್ಚಿಸುತ್ತಿದ್ದರು, ಬೆಂತಿಣನ್ನು ಯಾರೂ ಮುಟ್ಟುತ್ತಿರಲಿಲ್ಲ. 'ಏನೂ' ಎಂದು ಬರೆದಾಗ ಇಂಥದ್ದೂ ಅದರೊಳಗೆ ಸೇರುತ್ತದೆಂದು ನನಗೆ ಹೊಳೆದಿರಲೇ ಇಲ್ಲ. ಕೈಮುಗಿದು, ತಪ್ಪಾಯಿತು ಎಂದೆ.

ಅಜ್ಜಿ ಸೀತಾಬಾಯಿಯ ಕಡೆ ತಿರುಗಿದರು. "ಮೂರು ಸಲ ನೀರು ಕುಡಿ ಅಂದೀಯಂತ, ಹುಡುಗಿ ಹೇಳಿದ್ಲು. ಇದೇ ಸೀಮಿ ಒಳಗ ಹುಟ್ಟೀದಾಕಿ ನೀನು, ನಿಂಗ ಗೊತ್ತಿರಲಿಲ್ಲೇನು?"

"ಗೊತ್ತಿತ್ತಜ್ಜಿ. ಅಕ್ಕಾರು ಕಲ್ತವ್ರು, ನಾ ಹೆಂಗ ಹೇಳ್ಲಿ ಅಂತ ಸುಮ್ನಾದೆ."

"ಹೇಳ್ಬೇಕವ್ವ. ಕಲ್ತವ್ರಿಗೇ ಹೇಳ್ಬೇಕು." ಅಜ್ಜಿ ಎದ್ದರು. "ನಾಳಿ ಕಳಸ್ತೀನಿ ಹುಡುಗಿನ್ನ. ಇಕಿನ್ನ ಏನೂ ಅನಬ್ಯಾಡ್ರಿ."

ಅವರು ಹೋದ ಮೇಲೆ ಸಿಸ್ಟರ್ ನನ್ನನ್ನು ಬಯ್ಯಲಿಲ್ಲ. "ಯೇಸು ಶಿಷ್ಯರ ಕಾಲು ತೊಳೆದರು ಎಂದು ಎಷ್ಟು ಸಲ ಕಲಿಸಿದ್ದೇವೆ. ತೊಳೆಯುವವರು ಮೊದಲು ಬಗ್ಗಬೇಕಲ್ಲ" ಎಂದಷ್ಟೇ ಹೇಳಿ ಗಂಟೆ ಹೊಡೆಯಲು ಹೋದರು.

ಮುಂದಿನ ಶನಿವಾರ ಚಾಕ್‌ಪೀಸನ್ನು ಸೀತಾಬಾಯಿಯ ಕೈಗೆ ಕೊಟ್ಟು ನಾನು ಬೆಂಚಿನ ಮೇಲೆ ಕುಳಿತೆ. ಮೊದಲ ಎರಡು ವಾರ ಅವಳು ನನ್ನ ಮುಖ ನೋಡಿ ನೋಡಿಯೇ ಮಾತಾಡುತ್ತಿದ್ದಳು. ಮೂರನೆಯ ವಾರ ನಾನು, ಒಂದೊಂದು ಭಾಷೆಯ ಮಕ್ಕಳನ್ನು ಒಂದೊಂದು ಸಾಲಿನಲ್ಲಿ ಕೂರಿಸಿದರೆ ಪಾಠ ಸುಲಭವಲ್ಲವೇ ಎಂದು ಕೇಳಿದೆ.

"ಅಕ್ಕಾರ, ನಮ್ಮ ಕಡಿ ಅದು ಬ್ಯಾಡ್ರಿ. ಹಂಗ ಕುಂದ್ರಿಸಿದ್ರ ಬೆಲ್ ಹೊಡದ ಮ್ಯಾಲೂ ಹಂಗ ಕುಂದ್ರತಾವ."

ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿದ್ದ ಆ ಸಲಹೆಯನ್ನು ಹೊಡೆದು ಹಾಕಿದೆ. ಮನಸ್ಸು ತುಂಬಿ ಬಂದಿತ್ತು. ಮನೆಗೆ ನಡೆಯುವಾಗ ಮಾತ್ರ, ಅವಳ 'ನಮ್ಮ ಕಡಿ'ಯ ಹೊರಗೆ ನಿಂತಂತೆ ತುಸು ನೋವಾಯಿತು.

ಮೇ ತಿಂಗಳಲ್ಲಿ ಮಂಗಳೂರಿಗೆ ಹೋಗಿದ್ದೆ. ಟೀಚರಾಗಿದ್ದ ಚಿಕ್ಕಪ್ಪನ ಮಗಳು ಮಾತಿನ ನಡುವೆ, ಮಕ್ಕಳ ಕೊರಳಿಂದ ಎಲ್ಲ ತೆಗೆಸಿಬಿಡಬೇಕು ಎಂದಳು. "ನಮ್ಮ ಕಡೆ ಹಾಗೆ ಮಾಡುವುದಿಲ್ಲ" ಎಂದು ನನ್ನ ಬಾಯಿಯಿಂದ ಬಂದೇಬಿಟ್ಟಿತು.

ಅಂಗಳದಲ್ಲಿ ಹಲಸಿನಹಣ್ಣು ಬಿಡಿಸುತ್ತಿದ್ದ ಅಮ್ಮ ತಲೆಯೆತ್ತಿ ಕೊಂಕಣಿಯಲ್ಲಿ ಕೇಳಿದರು: "ನಿನ್ನ ಕಡೆ ಯಾವುದು ಬಾಯೆ, ಈಗ?"

ಒಂದು ತೊಳೆ ಬಾಯಿಗೆ ಹಾಕಿಕೊಂಡೆ. ಈ ಅಂಗಳಕ್ಕೆ ಬರಲು ವರ್ಷವಿಡೀ ದಿನ ಎಣಿಸಿದವಳು, ಸೀತಾಬಾಯಿಯ ನೌಕರಿ ಕಾಯಂ ಆಗುವ ಜೂನ್‌ಗೆ ಇನ್ನೆಷ್ಟು ದಿನ ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ.