ಗಿರಿಯಪ್ಪನ ಕೆಮ್ಮು

ಸವಣೂರಿನ ರೇಡಿಯೊ ರಿಪೇರಿ ಸಿರಾಜುದ್ದೀನನಿಗೆ ಕಣ್ಣಿಗಿಂತ ಕಿವಿ ಚುರುಕು. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಕೂತನೆಂದರೆ ರೋಗ ಹೇಳಿಬಿಡುತ್ತಿದ್ದ. ದೆವ್ವ ಗಿವ್ವ ಎಂದವರನ್ನು ಗೇಲಿ ಮಾಡಿ ಅಟ್ಟುತ್ತಿದ್ದ. “ಪ್ರತಿ ಸದ್ದಿಗೂ ಒಂದ ಕಾರಣ ಇರತೈತಿ. ಸಿಗಲಿಲ್ಲಂದ್ರ ನಿನ್ನ ಕಿವಿ ತೊಳಕೊಂಡ ಬಾ,” ಅನ್ನುತ್ತಿದ್ದ.

೧೯೮೮ರ ಮಹಾನವಮಿ ಮುಗಿದ ಮೂರನೆಯ ದಿನ ಹಿರೇಕೆರೂರಿನಿಂದ ಕರೆ ಬಂತು. ಅಲ್ಲಿಯ ಬೀಜದ ಕಂಪನಿಯ ಹೊಳಬಸಪ್ಪ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಕಂಪ್ಯೂಟರಿಗೂ ಕುಂಕುಮ ಹಚ್ಚಿ, ಹೂ ಏರಿಸಿ, ಅದು ಚಾಲೂ ಇರುವಾಗಲೇ ನೆತ್ತಿಯ ಮೇಲೆ ತೆಂಗಿನಕಾಯಿ ಒಡೆದಿದ್ದ. ಸತ್ತೇಹೋಯಿತು! ನೆತ್ತಿಗೆ ಕಾಯಿ ಬಡಿದರೆ ಯಾರು ಬದುಕುತ್ತಾರೆ, ನೀವೇ ಹೇಳಿ.

ಅದರ ಹಾರ್ಡ್ ಡಿಸ್ಕಿನಲ್ಲಿ ಆ ಕಂಪನಿಯ ಗಿರಿಯಪ್ಪನ ಹನ್ನೆರಡು ವರ್ಷದ ದುಡಿಮೆ ಇತ್ತು. ಮೆಣಸಿನಕಾಯಿ ಗಿಡಗಳನ್ನು ಒಂದಕ್ಕೊಂದು ಕೂಡಿಸಿ ಹೊಸ ತಳಿ ತೆಗೆಯುತ್ತಿದ್ದ ಅವನು ಶ್ರಾವಣದಲ್ಲಿ ತೀರಿಕೊಂಡಿದ್ದ. ಯಾವ ಸಾಲಿಗೆ ಯಾವ ಸಾಲು ಕೂಡಿಸಿದ್ದು ಎಂಬ ಪಟ್ಟಿ ಸಿಗದಿದ್ದರೆ ಆ ತಳಿಗಳು ಮತ್ತೆ ಹುಟ್ಟುವಂತಿರಲಿಲ್ಲ. ಪಟ್ಟಿ ಟೈಪು ಮಾಡಿದವಳು ಮಗಳು ಮಂಜವ್ವ. ಅಪ್ಪ ಕೂರುತ್ತಿದ್ದ ಸ್ಟೂಲು ಅವಳ ಕುರ್ಚಿಯ ಹಿಂದೆ ಇನ್ನೂ ಹಾಗೇ ಇತ್ತು.

ಸಿರಾಜುದ್ದೀನ ಡಿಸ್ಕನ್ನು ಬಿಚ್ಚಿ, ತಂತಿ ಸಮೇತ ಅಂಗೈಯಲ್ಲಿಟ್ಟು, ಒಳಗೆ ಸಿಕ್ಕಿಕೊಂಡ ತಟ್ಟೆ ಬಿಡಲೆಂದು ಮುಂಗೈ ತಿರುವಿ ಒಂದು ಝಾಡಿಸಿದ. ಗುಂಯ್ ಎಂದು ತಿರುಗತೊಡಗಿತು. ಪರದೆಯ ಮೇಲೆ ಹಸಿರು ಅಕ್ಷರ ಮೂಡಿದವು.

“ಇನ್ನೊಮ್ಮೆ ತಿರಗತೈತೋ ಇಲ್ಲೋ ದೇವರಿಗೇ ಗೊತ್ತು. ಲಗೂ ಲಗೂ ಬರಕೋ ಮಗಳ.”

ಮಂಜವ್ವ ನೋಡಿ ನೋಡಿ ಹಾಳೆಗೆ ಇಳಿಸಿಕೊಂಡಳು. ಇವನು ಕಿವಿಗೆ ಸ್ಕ್ರೂಡ್ರೈವರು ಒತ್ತಿ ಕೂತ. ಹದಿನೇಳನೆಯ ನಂಬರಿನ ತಳಿಗೆ ಬಂದಾಗ ಒಳಗೆ ಸದ್ದಾಯಿತು: ಖಕ್, ಖಕ್.

ಮಂಜವ್ವನ ಪೆನ್ನು ನಿಂತಿತು. ಹಾಳೆ ನೋಡಿಕೊಂಡಳು, ಹದಿನೇಳರ ಬದಲು ಎಪ್ಪತ್ತೊಂದು ಬರೆದಿದ್ದಳು. ತಿದ್ದಿದಳು. ಸದ್ದು ನಿಂತಿತು.

“ಅಪ್ಪ ಹಿಂದ ಕುಂತು ಹಿಂಗ ಕೆಮ್ಮತಿದ್ದನ್ರಿ ಕಾಕಾ. ನಾ ತಪ್ಪಿದ್ರ ಬೈತಿರಲಿಲ್ಲ. ಎರಡ ಸಲ ಕೆಮ್ಮತಿದ್ದ, ಅಷ್ಟ.”

“ಬೇರಿಂಗ್ ಸವದೈತಿ. ನೀ ಸುಮ್ನ ಬರಿ,” ಎಂದ ಸಿರಾಜುದ್ದೀನ. ಆದರೆ ಮಟಮಟ ಮಧ್ಯಾಹ್ನದಲ್ಲಿ ಅವನ ಮೈ ಝುಂ ಎಂದಿತ್ತು. ಬೇರಿಂಗಿಗೆ ಅವಳ ಹಾಳೆ ಹೇಗೆ ಕಾಣಬೇಕು?

ಕೊನೆಯದು ನಲವತ್ತೆರಡು. ಎಲೆಮುರುಟು ರೋಗ ತಾಗದ ಮೆಣಸಿನಕಾಯಿ, ಗಿರಿಯಪ್ಪನ ಜೀವ. ಅವಳು ಬರೆದು ಮುಗಿಸಿದ್ದೇ ತಡ, ಖಕ್, ಖಕ್. ಪರದೆ ನೋಡಿದಳು, ಹಾಳೆ ನೋಡಿದಳು. ಎರಡೂ ಒಂದೇ. ಖಕ್, ಖಕ್.

“ಎಲ್ಲಾ ಸರಿ ಐತಲ್ಲ, ಬಂದ್ ಮಾಡ್ಲೇನು?” ಅವನು ಸ್ವಿಚ್ಚಿಗೆ ಕೈ ಚಾಚಿದ.

ಮಂಜವ್ವ ಅವನ ಕೈ ಹಿಡಿದುಕೊಂಡು ಅತ್ತುಬಿಟ್ಟಳು. “ಬ್ಯಾಡ್ರಿ ಕಾಕಾ. ಇದನ್ನ ಕಂಪ್ಯೂಟರಿಗೆ ಹಾಕೋ ದಿನ ಅಪ್ಪ ಹಾಸಿಗಿ ಹಿಡದಿದ್ದ. ಅಂವ ಬರಕೊಟ್ಟ ಚೀಟಿ ನಾ ಕಳಕೊಂಡಿದ್ದೆ. ಒಂಬತ್ತನೇ ಸಾಲೋ, ಹತ್ತೊಂಬತ್ತನೇದೋ ನೆನಪಾಗಲಿಲ್ಲ. ಅಂದಾಜಿನ ಮ್ಯಾಲೆ ಒಂಬತ್ತು ಹಾಕಿದೆ. ಸರಿಯಾಗಿ ಹಾಕೇನಿ ಅಂತ ಸಾಯೋ ಮನಷ್ಯಾಗ ಸುಳ್ಳ ಹೇಳಿದೆ.”

ಕಣ್ಣೊರೆಸಿಕೊಂಡು ಒಂಬತ್ತು ಹೊಡೆದು ಹಾಕಿ ಹತ್ತೊಂಬತ್ತು ಬರೆದಳು. ಹಿಂದಕ್ಕೆ ತಿರುಗದೆಯೇ ಕೇಳಿದಳು:

“ಈಗ ಸರಿ ಆತೇನಪ್ಪಾ?”

ಸದ್ದಿಲ್ಲ. ಡಿಸ್ಕು ಮೆಲ್ಲಮೆಲ್ಲಗೆ ನಿಂತೇಬಿಟ್ಟಿತು. ಆಮೇಲೆ ಸಿರಾಜುದ್ದೀನ ಎಷ್ಟು ಝಾಡಿಸಿದರೂ ತಿರುಗಲಿಲ್ಲ.

ಅವನು ಸಾಮಾನು ಚೀಲಕ್ಕೆ ತುಂಬಿಕೊಂಡ. ಬಾಗಿಲಿಗೆ ಹೋಗುವಾಗ ಆ ಖಾಲಿ ಸ್ಟೂಲಿಗೆ ಮೈ ತಾಗದಂತೆ, ಬಳಸಿಕೊಂಡು ಹೋದ.