ನಾಲ್ವರು ಕೂತಾಗ ಮುಚ್ಚಬೇಕಾದ ಬಾಗಿಲು

“ನಿಮ್ಮ ತೂಕ ಎಷ್ಟ್ರಿ ಸರ?”

ಬೆಳಗಿನ ಆರು ಗಂಟೆಗೆ ಖಾನಾಪುರದ ತಗಡಿನ ಶೆಡ್ಡೊಂದರಲ್ಲಿ ಬೆಸುಗೆಗಾರ ಗುರುಪುತ್ರಪ್ಪ ನನ್ನನ್ನು ಬರಮಾಡಿಕೊಳ್ಳುವುದು ಹೀಗೆ. ಸಂದರ್ಶನಕ್ಕೆ ಬಂದವನು ನಾನು, ಪ್ರಶ್ನೆ ಅವರದು. ಎಪ್ಪತ್ತು ಕಿಲೋ ಎನ್ನುತ್ತೇನೆ. “ಛಲೋ ಆತು. ಹಿಂದ ಬಲಗಡೆ ಕುಂದರ್ರಿ” ಎಂದು ಛಾವಣಿಯಿಲ್ಲದ ಹಳೆಯ ಹಸಿರು ಕಾರಿನತ್ತ ಕೈ ತೋರಿಸುತ್ತಾರೆ. ಅದರ ಬಟ್ಟೆಯ ಟಪ್ಪನ್ನು ಹಿಂದಕ್ಕೆ ಮಡಚಿಟ್ಟಿದ್ದಾರೆ. ಚಾಲಕರ ಬಾಗಿಲಿನ ಹಿಡಿಕೆಯಿಂದ ಒಂದು ನೀಲಿ ನೈಲಾನ್ ಹಗ್ಗ ನೇತಾಡುತ್ತಿದೆ.

ಕಾರಿನಲ್ಲಿ ಆಗಲೇ ಮೂವರು ಕೂತಿದ್ದಾರೆ. ಸ್ಟೀರಿಂಗ್ ಹಿಂದೆ ಒಡತಿ ರಾಜಮತಿ. ಬೆಳಗಾವಿಯ ಕ್ಯಾಂಪ್ ಬಡಾವಣೆಯವರು, ಎಪ್ಪತ್ತೊಂದು ವರ್ಷದ ನಿವೃತ್ತ ಗಣಿತ ಶಿಕ್ಷಕಿ. ಪಕ್ಕದಲ್ಲಿ ಗುರುಪುತ್ರಪ್ಪನವರ ಹೆಂಡತಿ ಸಾತವ್ವ, ತೊಡೆಯ ಮೇಲೆ ಚಹಾದ ಕಿಟ್ಲಿ. ನನ್ನ ಎಡಕ್ಕೆ ನಿವೃತ್ತ ಪೋಸ್ಟ್‌ಮನ್ ಲಕ್ಷ್ಮಪ್ಪ, ಇಂಥ ಕೂರುವ ಕೆಲಸದಲ್ಲಿ ಹಳೆಯ ಹುಲಿ. ಕಾರು ಎಲ್ಲಿಗೂ ಹೋಗುವುದಿಲ್ಲ. ಇಲ್ಲಿ ನಾವು ನಾಲ್ವರೂ ಬರೀ ಭಾರ.

ಗುರುಪುತ್ರಪ್ಪ ಚಾಲಕರ ಬಾಗಿಲಿನ ಸಂದಿಗೆ ಎರಡು ಹಳೆಯ ಲಗ್ನಪತ್ರಿಕೆ ತೂರಿಸುತ್ತಾರೆ. ಕೆಳಗಡೆ ಪತ್ರಿಕೆಗಳು ಸಲೀಸಾಗಿ ಸರಿದಾಡುತ್ತವೆ, ಮೇಲಿನ ಮೂಲೆಯಲ್ಲಿ ಸಿಕ್ಕಿಬೀಳುತ್ತವೆ. ಅಂದರೆ ಕಾರಿನ ಹೊಟ್ಟೆ ಜೋತುಬಿದ್ದಿದೆ. ಕೆಳಗೆ ಚಿಕ್ಕ ಜಾಕ್ ಇಟ್ಟು ಕೂದಲೆಳೆಯಷ್ಟು ಎತ್ತುತ್ತಾರೆ, ಪತ್ರಿಕೆ ಎಳೆದು ನೋಡುತ್ತಾರೆ, ಮತ್ತೆ ಎತ್ತುತ್ತಾರೆ. ಸುತ್ತಲೂ ಒಂದೇ ಸಮ ಸರಿದಾಗ ಬಾಗಿಲು ಬಿಚ್ಚಿ, ಆ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಸಲಾಕೆ ಬಿಗಿದು ಕಾರಿನ ಆಕಾರವನ್ನು ಹಿಡಿದು ನಿಲ್ಲಿಸುತ್ತಾರೆ. ಆಮೇಲೆ ನಮಗೆ ಬಿಡುಗಡೆ. ತುಕ್ಕು ತಿಂದ ತಳ ಕತ್ತರಿಸಿ ಹೊಸದನ್ನು ಬೆಸೆಯುವುದು ಆನಂತರದ ಕೆಲಸ. ಇದನ್ನೆಲ್ಲ ಮಾಡುವುದು ಮುಂಜಾನೆಯೇ, ಏಕೆಂದರೆ ಬಿಸಿಲು ಬಿದ್ದ ಮಗ್ಗುಲಿನ ತಗಡು ಹಿಗ್ಗಿ ಲೆಕ್ಕ ತಪ್ಪಿಸುತ್ತದೆ.

ನಾವಿನ್ನೂ ಕೂತಿರುವಾಗಲೇ, ಹಿಂದಿನ ಗಾಲಿಯ ಭಾರ ಹೊರುವ ಸ್ಪ್ರಿಂಗಿನ ಕಮಾನು ಪಟ್ಟಿಯ ಹತ್ತಿರ ಅಳತೆ ಕೋಲು ಹಿಡಿದವರು ತಲೆ ಎತ್ತಿ ನನ್ನನ್ನು ನೋಡುತ್ತಾರೆ. “ಸರ, ಎಪ್ಪತ್ತು ಅಂದ್ರಿ. ಪಟ್ಟಿ ಬ್ಯಾರೇನ ಹೇಳಾಕತ್ತೈತಿ.”

ಎಪ್ಪತ್ತಾರು ಎಂದು ಒಪ್ಪಿಕೊಳ್ಳುತ್ತೇನೆ. ಸಾತವ್ವ ನಕ್ಕ ರಭಸಕ್ಕೆ ಇಡೀ ಕಾರು ಕುಲುಕುತ್ತದೆ.

“ಅಕ್ಕಿ ಚೀಲ ಇಟ್ಟರ ಆಗೂದಿಲ್ಲೇನ್ರಿ?” ನನ್ನ ಮುಜುಗರ ಮರೆಸಲು ಕೇಳುತ್ತೇನೆ.

“ಚೀಲ ಸುಮ್ನ ಕುಂದರತಾವ್ರಿ. ಮಂದಿ ನಗತಾರ, ಹೊಳ್ಳಿ ನೋಡ್ತಾರ, ಚಹಾಕ್ಕ ಬಗ್ಗತಾರ. ಗಾಡ್ಯಾಗ ಅಡ್ಡಾಡಾವ್ರು ಮಂದಿ ಅಲ್ಲೇನ್ರಿ?”

ಅರವತ್ತೊಂದರ ಗುರುಪುತ್ರಪ್ಪ ಓದಿದ್ದು ಏಳನೆಯ ಇಯತ್ತೆಯವರೆಗೆ. ಹಿಂಡಲಗಾದ ಗ್ಯಾರೇಜೊಂದರಲ್ಲಿ ಬೆಸುಗೆ ಕಲಿತು, ಮೂವತ್ತಾರು ವರ್ಷದಿಂದ ದಿನಕ್ಕೆ ಹತ್ತು ತಾಸು ಕಬ್ಬಿಣದ ಜೊತೆಗಿದ್ದಾರೆ. ಹೊಟ್ಟೆಪಾಡು ನಡೆದದ್ದು ಕಬ್ಬಿನ ಟ್ರ್ಯಾಕ್ಟರುಗಳ ಟ್ರಾಲಿಯಿಂದ. ಬೆಸುಗೆಯ ಬೆಳಕು ಬಡಿದು ಒಮ್ಮೆ ಎರಡು ತಿಂಗಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದರು. ಸುತ್ತಿಗೆಯ ಸದ್ದಿಗೆ ಎಡಗಿವಿ ಮಂದವಾಗಿದೆ. ತೆರೆದ ಜೀಪು, ಕಾರುಗಳೆಂದು ಈವರೆಗೆ ಇಪ್ಪತ್ತಾರಕ್ಕೆ ಮೈ ಗಟ್ಟಿ ಮಾಡಿಕೊಟ್ಟಿದ್ದಾರೆ. ಒಂದೊಂದು ಮಗ್ಗುಲಿಗೆ ನೂರ ನಲವತ್ತು ಬೆಸುಗೆ. ಒಂದು ಇಂಚು ಬೆಸೆದು ನಾಲ್ಕು ಇಂಚು ಬಿಡಬೇಕು, ಆರಿದ ಮೇಲೆ ಮತ್ತೆ ಬರಬೇಕು. ಆತುರ ಮಾಡಿದರೆ ತಗಡು ಸೊಟ್ಟಗಾಗುತ್ತದೆ.

ತೆರೆದ ಕಾರಿಗೇಕೆ ಇಷ್ಟೊಂದು ಉಪಚಾರ ಎಂದು ಕೇಳಿದರೆ, ಬೆಳಗಾವಿ ಕುಂದಾ ಮಿಠಾಯಿಯ ಖಾಲಿ ರಟ್ಟಿನ ಡಬ್ಬಿಯೊಂದನ್ನು ಕೈಗೆ ಕೊಡುತ್ತಾರೆ. ಮುಚ್ಚಳ ಹಾಕಿ ತಿರುಚಿದರೆ ಜಗ್ಗುವುದಿಲ್ಲ. ಮುಚ್ಚಳ ತೆಗೆದರೆ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತದೆ. ಛಾವಣಿಯಿಲ್ಲದ ಕಾರಿನ ಪಾಡೂ ಅದೇ. ಪ್ರತಿ ಗುಂಡಿಗೂ ಮೈ ತಿರುಚಿ, ಗಾಜಿನ ಚೌಕಟ್ಟು ನಡುಗಿ, ತಿರುವಿನಲ್ಲಿ ಸ್ಟೀರಿಂಗ್ ಒಂದು ಹೇಳಿದರೆ ಗಾಲಿ ಇನ್ನೊಂದು ಕೇಳುತ್ತದೆ.

“ಮೈ ಗಟ್ಟಿ ಇರಬೇಕ್ರಿ, ಕಾಲು ಮೆತ್ತಗಿರಬೇಕು” ಎನ್ನುತ್ತಾರೆ ಗುರುಪುತ್ರಪ್ಪ. “ಮಂದಿ ಉಲ್ಟಾ ಮಾಡ್ತಾರ. ಗಾಡಿ ಅಲಗತೈತಿ ಅಂತ ಕಮಾನು ಪಟ್ಟಿ ಹೆಚ್ಚಿಗಿ ಹಾಕಸ್ತಾರ, ಹೊಡತ ಎಲ್ಲಾ ಮೈಗೇ ಬೀಳತೈತಿ. ನಾ ಮೊದಲ ತಳ ಗಟ್ಟಿ ಮಾಡ್ತೀನಿ. ಆಮ್ಯಾಲ ಹೆಚ್ಚಿನ ಪಟ್ಟಿ ತಗದು, ಹೊಡತ ನುಂಗೂ ಹೊಸಾ ಶಾಕಪ್ಪು, ಹೊಸಾ ರಬ್ಬರ ಬುಶ್ ಹಾಕ್ತೀನಿ.”

ಇಷ್ಟೆಲ್ಲ ಬಲ್ಲವರಿಗೆ ಈ ಹಸಿರು ಕಾರು ಕಂಡರೆ ಮಾತ್ರ ಅಳುಕು. ಹತ್ತೊಂಬತ್ತು ವರ್ಷದ ಹಿಂದೆ ಇದನ್ನು ಕೆಡಿಸಿದ್ದು ಸ್ವತಃ ಅವರೇ.

ಆಗ ಅವರಿಗೆ ಗೊತ್ತಿದ್ದದ್ದು ಟ್ರಾಲಿಯೊಂದೇ. ಕಾರನ್ನೂ ಟ್ರಾಲಿಯಂತೆ ನಡುವಿಗೆ ಆನಿಕೆ ಕೊಟ್ಟು ಎತ್ತಿ ನಿಲ್ಲಿಸಿ, ಬಾಗಿಲು ಬಿಚ್ಚಿಟ್ಟು, ಖಾಲಿ ಗಾಡಿಗೆ ಭರ್ಜರಿಯಾಗಿ ಬೆಸುಗೆ ಹಾಕಿದರು. ಗಾಲಿಯ ಮೇಲೆ ಇಳಿಸಿದಾಗ ನಡು ಅರ್ಧ ಬೆರಳು ಕುಸಿಯಿತು. ಚಾಲಕರ ಬಾಗಿಲು ಏನು ಮಾಡಿದರೂ ಕೂರಲಿಲ್ಲ. ಅರ ಹಾಕಿದರು, ಬಡಿದರು, ಕೊನೆಗೆ ತಲೆ ತಗ್ಗಿಸಿ ನಿಂತರು. ರಾಜಮತಿ ಬೈಯಲಿಲ್ಲ. ಹಗ್ಗದಿಂದ ಬಾಗಿಲು ಕಟ್ಟಿ, ಎಡಗಡೆಯಿಂದ ಹತ್ತಿ, ಗೇರ್ ದಾಟಿ ತಮ್ಮ ಸೀಟಿಗೆ ಸರಿದು ಹೊರಟುಹೋದರು.

“ಬೈದಿದ್ರ ಎರಡ ದಿನಕ್ಕ ಮರೀತಿದ್ದೆ. ಈ ರಾಜಮತಿ ಬಾಯಾರು ‘ಇರ್ಲಿ ಬಿಡ್ರಿ’ ಅಂದ್ರು. ಅದ ಹತ್ತೊಂಬತ್ತ ವರ್ಷ ಕಿವ್ಯಾಗ ಉಳೀತು. ಬೆಳಗಾವಿಗಿ ಹ್ವಾದ್ರ ಅವರ ಗಲ್ಲಿ ತಪ್ಪಿಸಿ, ಸುತ್ತಾ ಹಾಕ್ಕೊಂಡು ಹೋಗ್ತಿದ್ದೆ.”

ರಾಜಮತಿಯವರು ಈಗ ಬಂದಿರುವುದು ಮೊಣಕಾಲಿನ ದೆಸೆಯಿಂದ. ಗೇರ್ ದಾಟಿ ಸರಿಯಲು ಇನ್ನು ಆಗುವುದಿಲ್ಲ. ಗೋವಾದ ಒಬ್ಬರು ಕಾರನ್ನು ಕೇಳಿದ್ದಾರೆ. ಬಾಗಿಲು ಈ ಸಲವೂ ಕೂರದಿದ್ದರೆ ಕೊಟ್ಟುಬಿಡುವುದೆಂದು ತೀರ್ಮಾನವಾಗಿದೆ. ಹಾಗಿದ್ದಮೇಲೆ ಬೇರೆ ಗ್ಯಾರೇಜಿಗೆ ಹೋಗಬಾರದಿತ್ತೇ?

“ಯಾಕ ಕೆಟ್ಟೈತಿ ಅಂಬೂದು ಇವರಿಗಷ್ಟ ಗೊತ್ತು” ಎನ್ನುತ್ತಾರೆ ರಾಜಮತಿ ಮೇಡಂ. “ಸಾಲ್ಯಾಗೂ ನಾ ಹಂಗ ಮಾಡ್ತಿದ್ದೆ. ಲೆಕ್ಕ ತಪ್ಪು ಮಾಡಿದ ಹುಡುಗನ್ನ ಮತ್ತ ಬೋರ್ಡಿಗಿ ಕರೀತಿದ್ದೆ.”

ಇಪ್ಪತ್ನಾಲ್ಕು ದಿನದ ನಂತರ ಮತ್ತೆ ಆರು ಗಂಟೆಗೆ ನಾವು ನಾಲ್ವರೂ ಅದೇ ಜಾಗಗಳಲ್ಲಿ ಹಾಜರು. ಈ ಸಲ ನನ್ನ ತೂಕವನ್ನು ನಾನೇ ಮೊದಲು ಹೇಳುತ್ತೇನೆ. ಸಲಾಕೆ ಹೋಗಿ ಬಾಗಿಲು ಬಂದಿದೆ, ತಳದಲ್ಲಿ ಹೊಸ ಕಬ್ಬಿಣದ ಪೆಟ್ಟಿಗೆಗಳು ಉದ್ದಕ್ಕೂ ಕೂತಿವೆ. ಗುರುಪುತ್ರಪ್ಪ ಬಿಳಿ ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತಾರೆ. ಮುಂಜಾನೆಯ ಚಳಿಯಲ್ಲಿ ಬೆವರು! ಒಂದೇ ಬೆರಳಿನಿಂದ ಬಾಗಿಲನ್ನು ನೂಕುತ್ತಾರೆ.

ಟಕ್.

ತೆರೆದು ಮತ್ತೆ ನೂಕುತ್ತಾರೆ. ಟಕ್. ಮೈ ತಿರುಚೀತೇ ಎಂದು ಮುಂದಿನ ಒಂದು ಗಾಲಿಯನ್ನಷ್ಟೇ ಜಾಕಿನಿಂದ ಎತ್ತಿ ನೋಡುತ್ತಾರೆ. ಆಗಲೂ ಟಕ್. ಏಳನೆಯ ಸಲಕ್ಕೆ ಸಾತವ್ವ ಗದರುತ್ತಾರೆ: “ಸಾಕ್ ಮಾಡ್ರಿ, ಬಾಗಲಾ ಸವದು ಹೋದೀತು!” ರಾಜಮತಿ ಪರ್ಸಿನಿಂದ ಫೋನು ತೆಗೆಯುತ್ತಾರೆ. “ಗಾಡಿ ಕೊಡೂದಿಲ್ರಿ” ಎಂದು ಗೋವಾದವರಿಗೆ ಹೇಳಿ, ಇನ್ನೊಂದು ಮಾತಿಲ್ಲದೆ ಇಟ್ಟುಬಿಡುತ್ತಾರೆ. ಪಾಪ, ಅವರನ್ನು ನಿದ್ದೆಯಿಂದಲೇ ಎಬ್ಬಿಸಿರಬೇಕು.

ಲಕ್ಷ್ಮಪ್ಪ ಇಳಿದು ಜಾಗ ಬಿಟ್ಟುಕೊಡುತ್ತಾರೆ. ಗುರುಪುತ್ರಪ್ಪ ನನ್ನ ಪಕ್ಕ ಕೂರುತ್ತಾರೆ. ಬೆಳಗಾವಿ ರಸ್ತೆಯ ಉಬ್ಬುಗಳಲ್ಲಿ ಕಾರು ಒಂದೇ ಸಲ ಏರಿಳಿದು ಸುಮ್ಮನಾಗುತ್ತದೆ. ದೇಸೂರು ದಾಟಿದ ಮೇಲೆ ಗುರುಪುತ್ರಪ್ಪ ಮುಂದೆ ಬಾಗಿ, “ಬಾಯಾರ, ಕನ್ನಡ್ಯಾಗ ಹಿಂದಿನ ಬಸ್ಸಿನ ನಂಬರ ಓದ್ರಿ” ಎನ್ನುತ್ತಾರೆ. ಇದು ಅವರ ಕೊನೆಯ ಪರೀಕ್ಷೆ. ಮೈ ನಡುಗುವ ಕಾರಿನ ಕನ್ನಡಿಯಲ್ಲಿ ಅಕ್ಷರ ನಿಲ್ಲುವುದಿಲ್ಲ.

“ನಾಲ್ಕು ಸಾವಿರದ ನೂರಾ ಮೂವತ್ತೊಂದು” ಎಂದು ಓದುತ್ತಾರೆ ಮೇಡಂ. “ಮೂರರ್ಲೆ ಭಾಗ ಹೋಗತೈತಿ.”

ನಾವೆಲ್ಲ ನಗುತ್ತೇವೆ. ಗಾಳಿಗೆ ಹಾರದಂತೆ ಟೋಪಿ ಹಿಡಿದುಕೊಂಡ ಗುರುಪುತ್ರಪ್ಪನವರ ಕಣ್ಣು ಒದ್ದೆಯಾಗಿದೆ. ಗಾಳಿಯಿಂದ ಎನ್ನುತ್ತಾರೆ. ನಾನು ನಂಬುವುದಿಲ್ಲ.

ಕ್ಯಾಂಪಿನ ಗಲ್ಲಿಯಲ್ಲಿ ಮನೆಯ ಮುಂದೆ ಕಾರು ನಿಲ್ಲುತ್ತದೆ. ರಾಜಮತಿ ತಮ್ಮ ಬಾಗಿಲನ್ನು ತಾವೇ ತೆರೆದು, ನೇರವಾಗಿ ನೆಲಕ್ಕೆ ಕಾಲಿಡುತ್ತಾರೆ. ನೀಲಿ ಹಗ್ಗವನ್ನು ಸುತ್ತಿ ಸಾತವ್ವನ ಕೈಗೆ ಕೊಡುತ್ತಾರೆ, ಅರಿವೆ ಒಣಹಾಕಲು ಆದೀತೆಂದು. ಆಮೇಲೆ ಗುರುಪುತ್ರಪ್ಪನವರ ಕಡೆ ತಿರುಗುತ್ತಾರೆ.

“ನೀವು ಅಲ್ಲಿ ಮೂಲಿಗಿ ಬಂದು ಹೊಳ್ಳಿ ಹೋಗೂದನ್ನ ಎಷ್ಟ ಸಲ ನೋಡೇನಿ. ಕನ್ನಡಿ ನಡುಗಿದ್ರೂ ಆ ಟೋಪಿ ಕಾಣತಿತ್ತು.”

ಗುರುಪುತ್ರಪ್ಪ ಪೆಚ್ಚಾಗಿ ನಗುತ್ತಾರೆ. ಮನೆಗೆ ಹಿಂತಿರುಗಲು ಬಸ್‌ಸ್ಟ್ಯಾಂಡಿಗೆ ಹೋಗಬೇಕು. ನಾನು ದೊಡ್ಡ ರಸ್ತೆಯ ಕಡೆ ಹೊರಡುತ್ತೇನೆ. ಅವರು ನನ್ನ ತೋಳು ಹಿಡಿದು ನಿಲ್ಲಿಸಿ, ಟೋಪಿ ಸರಿಮಾಡಿಕೊಂಡು, ಗಲ್ಲಿಯ ಉದ್ದಕ್ಕೂ ಸಾಗುವ ಇನ್ನೊಂದು ದಿಕ್ಕಿಗೆ ತಿರುಗುತ್ತಾರೆ.

“ಅತ್ತಾಗ ಬ್ಯಾಡ್ರಿ ಸರ. ಇವತ್ತ ಈ ಗಲ್ಲೀಲೇ ಹೋಗೂಣು.”