ಹದಿನೇಳನೇ ಮೊಳೆಯ ಕೀಲಿ

ಮನೆ ಮಾರಿಸುವ ಕಚೇರಿಯಲ್ಲಿ ಕೀಲಿ ಕಾಯುವವಳನ್ನು ಎಲ್ಲರೂ ಕೀಲಿಯಕ್ಕ ಎನ್ನುತ್ತಿದ್ದರು. ವಾಪಸು ಬಂದ ಯಾವ ಕೀಲಿಯನ್ನೂ ಬೆರಳಲ್ಲಿ ಉಜ್ಜಿ ನೋಡದೆ ಅವಳು ಮೊಳೆಗೆ ಹಾಕಿದವಳಲ್ಲ. ಒಂದು ಸಂಜೆ ಹದಿನೇಳನೇ ಕೀಲಿ ಉಜ್ಜಿದಾಗ ಬೆರಳಿಗೆ ಹಿತ್ತಾಳೆಯ ಪುಡಿ ಹತ್ತಿತು. ನಕಲು ಕೊರೆಯುವಾಗ ಹಾರುವ ಪುಡಿ ಅದು; ಯಾರೋ ನಕಲು ಮಾಡಿಸಿದ್ದರು. ಆ ಕೀಲಿಯ ಮನೆಯೊಡತಿ ಸಾಮಾನೆಲ್ಲ ಒಳಗೇ ಬಿಟ್ಟು ಆಸ್ಪತ್ರೆ ಸೇರಿದ್ದಳು. ಅಂದು ಕೀಲಿ ಒಯ್ದವರು ಇಬ್ಬರು ದಲ್ಲಾಳಿಗಳು, ಇಬ್ಬರೂ ಬೆಣ್ಣೆಯಂಥ ಮಾತಿನವರು. ಕೀಲಿಯಕ್ಕ ಯಾರನ್ನೂ ಕೇಳಲಿಲ್ಲ. ಮನೆಯೊಡತಿಗೆ ಹೇಳಿ ಗುಟ್ಟಾಗಿ ಬೀಗ ಬದಲಾಯಿಸಿದಳು. ಹಳೆಯ ಕೀಲಿಯನ್ನು ಅದೇ ಮೊಳೆಗೆ ಹಾಕಿ, ಕುಂಬಳಕಾಯಿ ಕಳ್ಳ ತಾನಾಗಿಯೇ ಹೆಗಲು ಮುಟ್ಟಿಕೊಳ್ಳಲಿ ಎಂದು ಕಾದಳು.

ಮೂರನೇ ದಿನ ಕಿರಿಯ ದಲ್ಲಾಳಿ ಬಂದ. "ಅಕ್ಕಾ, ಹದಿನೇಳರ ಬೀಗ ಬದಲಾಯಿಸಿದ್ದೀರಾ?"

"ಕೀಲಿ ಮೊಳೆ ಬಿಟ್ಟು ಅಲ್ಲಾಡೇ ಇಲ್ಲ. ನಿನಗೆ ಹೇಗಪ್ಪ ಗೊತ್ತಾಯ್ತು?" ಎನ್ನುತ್ತ ಕೀಲಿಯಕ್ಕ ಕೈಚಾಚಿದಳು. "ಜೇಬಲ್ಲಿರೋ ನಕಲು ಕೊಡು."